ನರಕೋಶದ ಕಸ ಎಲ್ಲಿ ಸಿಕ್ಕಿಕೊಳ್ಳುತ್ತದೆ?

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಆಲ್‌ಝೈಮರ್ ಕಾಯಿಲೆಯ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ 1901ರ ಫ್ರಾಂಕ್‌ಫರ್ಟಿನಿಂದ ಶುರುಮಾಡುತ್ತಾರೆ. ಅಗಸ್ಟೆ ಡೀಟರ್ ಎಂಬ 51 ವರ್ಷದ ಹೆಂಗಸು ಆ ಊರಿನ ಮಾನಸಿಕ ಆಸ್ಪತ್ರೆಗೆ ಸೇರಿದಳು, ಆಲೋಯಿಸ್ ಆಲ್‌ಝೈಮರ್ ಆಕೆಯನ್ನು ನೋಡಿದರು, 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳಿನ ತೆಳು ಸೀಳುಗಳಿಗೆ ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಡಿ ಇಟ್ಟರು. ಕೋಶಗಳ ಹೊರಗೆ ಚಕ್ಕೆಗಳು, ಒಳಗೆ ಎಳೆಗಳ ಸಿಕ್ಕು ಕಂಡವು. ಇದು ನಿಮಗೆಲ್ಲ ಗೊತ್ತಿರುವ ಕಥೆ. ನಾನು ಇನ್ನೊಂದು ಕಡೆಯಿಂದ ಹೊರಡುತ್ತೇನೆ, ಬೆಲ್ಜಿಯಂ ದೇಶದ ಲುವೆನ್ ವಿಶ್ವವಿದ್ಯಾಲಯದ ಒಂದು ಫ್ರಿಜ್ಜಿನಿಂದ.

1949ರ ಕೊನೆ. ಕ್ರಿಸ್ಟಿಯಾನ್ ಡ ಡ್ಯೂವ್ ಎಂಬ ವಿಜ್ಞಾನಿ ಇನ್ಸುಲಿನ್ ಯಕೃತ್ತಿನ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಹೊರಟಿದ್ದರು. ಇಲಿಯ ಯಕೃತ್ತನ್ನು ಮೆಲ್ಲಗೆ ಅರೆದು ಅದರಲ್ಲಿರುವ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವವನ್ನು ಅಳೆದರು. ಇರಬೇಕಾದದ್ದರ ಹತ್ತನೇ ಒಂದು ಪಾಲಿನಷ್ಟು ಮಾತ್ರ ಸಿಕ್ಕಿತು. ಬೇರೆ ಯಾರಾದರೂ ಆಗಿದ್ದರೆ ಲೆಕ್ಕ ತಪ್ಪಿತು ಎಂದುಕೊಂಡು ಆ ಮಾದರಿಯನ್ನು ಚೆಲ್ಲಿಬಿಡುತ್ತಿದ್ದರೇನೋ. ಇವರು ಫ್ರಿಜ್ಜಿನಲ್ಲಿಟ್ಟು ಕೆಲವು ದಿನ ಬಿಟ್ಟು ಮತ್ತೆ ಅಳೆದರು. ಕಿಣ್ವ ಪೂರ್ತಿ ಸಿಕ್ಕಿತು! ಅದು ಎಲ್ಲೂ ಹೋಗಿರಲಿಲ್ಲ. ತೆಳುಪೊರೆಯ ಪುಟ್ಟ ಚೀಲಗಳಲ್ಲಿ ಮುಚ್ಚಿಕೊಂಡಿತ್ತು, ಮಾದರಿ ಹಳತಾದಂತೆ ಪೊರೆ ಹರಿದು ಹೊರಗೆ ಬಂದಿತ್ತು. 1955ರಲ್ಲಿ ಆ ಚೀಲಕ್ಕೆ ಲೈಸೋಸೋಮ್ ಎಂದು ಹೆಸರಿಟ್ಟರು. ಕೋಶವು ತನ್ನದೇ ಹಳೆಯ ಭಾಗಗಳನ್ನು ಆ ಚೀಲಕ್ಕೆ ಸಾಗಿಸಿ ಕರಗಿಸಿಕೊಳ್ಳುವ ಕ್ರಿಯೆಗೆ 1963ರಲ್ಲಿ ಲಂಡನ್ನಿನ ಒಂದು ವಿಚಾರಸಭೆಯಲ್ಲಿ ಆಟೋಫೇಜಿ ಎಂದರು. 1974ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು.

ಲೈಸೋಸೋಮಿನ ಒಳಗೆ ಸುಮಾರು 60 ಬಗೆಯ ಕಿಣ್ವಗಳಿವೆ. ಪ್ರೋಟೀನನ್ನು ಕತ್ತರಿಸುವವು, ಕೊಬ್ಬನ್ನು ಒಡೆಯುವವು, ಸಕ್ಕರೆಯ ಸರಪಳಿ ಬಿಡಿಸುವವು. ಇವುಗಳಲ್ಲಿ ಹೆಚ್ಚಿನವು ಹುಳಿಯಲ್ಲಿ ಮಾತ್ರ ಕೆಲಸ ಮಾಡುತ್ತವೆ. ಕೋಶದ ಉಳಿದ ಭಾಗದ ಪಿಎಚ್ 7.2ರ ಹತ್ತಿರವಿದ್ದರೆ ಲೈಸೋಸೋಮಿನ ಒಳಗೆ 4.5ರಿಂದ 5, ಎಂದರೆ ಹೊರಗಿಗಿಂತ ನೂರಾರು ಪಟ್ಟು ಹೆಚ್ಚು ಹುಳಿ. ಆ ಹುಳಿ ತಾನಾಗಿ ಬರುವುದಿಲ್ಲ. ಪೊರೆಯಲ್ಲಿ ಕೂತಿರುವ ಒಂದು ಪ್ರೋಟೀನ್ ಪಂಪು ಕೋಶದ ಇಂಧನವಾದ ಎಟಿಪಿಯನ್ನು ಖರ್ಚುಮಾಡುತ್ತ ಹಗಲೂ ರಾತ್ರಿ ಪ್ರೋಟಾನುಗಳನ್ನು ಒಳಗೆ ತಳ್ಳುತ್ತಿರಬೇಕು. ಪಂಪು ಸೊರಗಿದರೆ ಕಿಣ್ವಗಳಿದ್ದೂ ಇಲ್ಲದಂತೆ. ಈ ಪಂಪನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ.

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಒಂದೇ ವಿಷಯ. ಮೆದುಳಿನ ಕೋಶಗಳ ಕಸ ವಿಲೇವಾರಿಯನ್ನು ಚುರುಕುಗೊಳಿಸಿದರೆ ಮರೆಗುಳಿತನಕ್ಕೆ ಮದ್ದು ಸಿಕ್ಕೀತು ಎಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಸುದ್ದಿ ಸುಳ್ಳಲ್ಲ, ಆಸೆಯೂ ಹುಸಿಯಲ್ಲ. ಆದರೆ ಚುರುಕುಗೊಳಿಸುವುದು ಯಾವ ಹಂತವನ್ನು, ಕಾಯಿಲೆಯ ಯಾವ ಕಾಲದಲ್ಲಿ ಎಂಬುದು ತೀರ್ಮಾನವಾಗದೆ ಆ ಮಾತಿಗೆ ಅರ್ಥವಿಲ್ಲ. ತಪ್ಪು ಹಂತವನ್ನು ಚುರುಕುಗೊಳಿಸಿದರೆ ಕಸ ಹೆಚ್ಚಾಗುವ ಸಂಭವವೇ ಇದೆ.

ಮೊದಲು ನರಕೋಶದ ಕಷ್ಟ ಏನೆಂದು ನೋಡೋಣ. ಚರ್ಮದ ಕೋಶ, ಕರುಳಿನ ಕೋಶ ಒಡೆದು ಎರಡಾಗುತ್ತಲೇ ಇರುತ್ತವೆ. ಪ್ರತಿ ಸಲ ಒಡೆದಾಗಲೂ ಒಳಗಿನ ಕಸ ಇಬ್ಬರಿಗೆ ಹಂಚಿಹೋಗಿ ತೆಳುವಾಗುತ್ತದೆ. ನರಕೋಶಕ್ಕೆ ಆ ಸೌಕರ್ಯವಿಲ್ಲ. ನಮ್ಮ ಮೆದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ ಹೆಚ್ಚಿನವು ನಾವು ಹಸುಗೂಸಾಗಿದ್ದಾಗಲೇ ಇದ್ದವು, ನಮ್ಮ ಜೊತೆಗೇ ಸಾಯುತ್ತವೆ. ಎಂಬತ್ತು ವರ್ಷದ ಅಜ್ಜಿಯ ಮೆದುಳಿನಲ್ಲಿರುವುದು ಎಂಬತ್ತು ವರ್ಷದ ಕೋಶ. ಅಷ್ಟೂ ಕಾಲ ಅದು ತನ್ನ ಪ್ರೋಟೀನುಗಳನ್ನು ತಾನೇ ಕಟ್ಟಿ ತಾನೇ ಕೆಡವಬೇಕು.

ಸಾಲದ್ದಕ್ಕೆ ಅದರ ಆಕಾರ. ಮೆದುಳಿನ ತೊಗಟೆಯಲ್ಲಿ ಹುಟ್ಟಿ ಬೆನ್ನುಹುರಿಯ ಕೆಳಭಾಗ ಮುಟ್ಟುವ ನರಕೋಶದ ಬಾಲ, ಅಂದರೆ ಆಕ್ಸಾನ್, ಅರ್ಧ ಮೀಟರಿಗೂ ಉದ್ದ. ಬಾಲದ ತುದಿಯಲ್ಲಿ ಒಂದು ಮೈಟೊಕಾಂಡ್ರಿಯ ಹಳತಾಯಿತು ಎಂದುಕೊಳ್ಳಿ. ಅಲ್ಲೇ ಎರಡು ಪದರದ ಪೊರೆಯೊಂದು ಬಟ್ಟಲಿನಂತೆ ಎದ್ದು, ಅಂಚುಗಳನ್ನು ಚಾಚಿ, ಆ ಹಳೆಯ ವಸ್ತುವನ್ನು ಸುತ್ತಿ ಬಾಯಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಆಟೋಫಾಗೋಸೋಮ್ ಎಂದು ಹೆಸರು. ಆ ಮೂಟೆ ಅಲ್ಲಿ ಕರಗುವುದಿಲ್ಲ. ಡೈನೀನ್ ಎಂಬ ಮೋಟಾರು ಪ್ರೋಟೀನು ಅದನ್ನು ಸೂಕ್ಷ್ಮನಾಳಗಳ ಹಳಿಯ ಮೇಲೆ ಹಿಂದಕ್ಕೆ, ಕೋಶದ ಒಡಲಿನ ಕಡೆಗೆ ಎಳೆದುಕೊಂಡು ಹೊರಡುತ್ತದೆ. ದಾರಿಯಲ್ಲಿ ಲೈಸೋಸೋಮುಗಳು ಬಂದು ಕೂಡಿಕೊಳ್ಳುತ್ತ ಹೋಗುತ್ತವೆ, ಮೂಟೆ ಮೆಲ್ಲಮೆಲ್ಲನೆ ಹುಳಿಯಾಗುತ್ತದೆ, ಒಡಲು ಮುಟ್ಟುವಷ್ಟರಲ್ಲಿ ಒಳಗಿದ್ದದ್ದು ಅಮೈನೋ ಆಮ್ಲಗಳಾಗಿ ಮತ್ತೆ ಬಳಕೆಗೆ ಸಿದ್ಧ. ಸುತ್ತುವುದು, ಸಾಗಿಸುವುದು, ಕೂಡುವುದು, ಕರಗಿಸುವುದು. ಕೆಡಬಹುದಾದ ಜಾಗ ಒಂದಲ್ಲ ನಾಲ್ಕು.

ಇದರಲ್ಲಿ ಮೂಟೆ ಕಟ್ಟುವ ಬಗೆ ನಮಗೆ ತಿಳಿದದ್ದು ಮುಖ್ಯವಾಗಿ ಜಪಾನಿನ ಯೊಶಿನೋರಿ ಓಸುಮಿ ಅವರ ಯೀಸ್ಟಿನಿಂದ. 1988ರಲ್ಲಿ, ನಲವತ್ತು ದಾಟಿದ ಮೇಲೆ, ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಅವರಿಗೆ ಸ್ವಂತದ್ದೊಂದು ಸಣ್ಣ ಪ್ರಯೋಗಾಲಯ ಸಿಕ್ಕಿತು. ಯೀಸ್ಟಿನಲ್ಲಿ ಲೈಸೋಸೋಮಿನ ಕೆಲಸ ಮಾಡುವುದು ವ್ಯಾಕ್ಯೂಲ್ ಎಂಬ ದೊಡ್ಡ ಗೂಡು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲೂ ಕಾಣುತ್ತದೆ. ಕರಗಿಸುವ ಕಿಣ್ವಗಳೇ ಇಲ್ಲದ ತಳಿಯನ್ನು ಅವರು ಹುಡುಕಿ ತಂದು ಆಹಾರವಿಲ್ಲದ ನೀರಿನಲ್ಲಿ ಬಿಟ್ಟರು. ಗೂಡಿಗೆ ಬಂದದ್ದು ಕರಗದೆ ಉಳಿದರೆ ಕಣ್ಣಿಗೆ ಬೀಳಲೇಬೇಕು ಎಂಬುದು ಎಣಿಕೆ. ಕೆಲವೇ ಗಂಟೆಗಳಲ್ಲಿ ವ್ಯಾಕ್ಯೂಲಿನ ತುಂಬ ಸಣ್ಣ ಗುಂಡುಗಳು ತುಂಬಿಕೊಂಡು ನಿಲ್ಲದೆ ಕುಣಿಯುತ್ತಿದ್ದವು. ಮುಂದೆ ಸಾವಿರಾರು ಯೀಸ್ಟ್ ರೂಪಾಂತರಗಳನ್ನು ಜಾಲಾಡಿ, ಆ ಗುಂಡುಗಳು ಮೂಡದಂತೆ ಮಾಡುವ 15 ವಂಶವಾಹಿಗಳನ್ನು 1993ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಹಲವಕ್ಕೆ ನಮ್ಮೊಳಗೂ ನೆಂಟರಿದ್ದಾರೆ. 2016ರ ನೊಬೆಲ್ ಅವರೊಬ್ಬರಿಗೇ ಬಂತು.

ಬಂದದ್ದೇ ತಡ, ಏಕಾದಶಿ ಉಪವಾಸಕ್ಕೆ ನೊಬೆಲ್ ಸಿಕ್ಕಿತು ಎಂದು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಸಂದೇಶಗಳು ಹರಿದಾಡಿದವು. ಇವತ್ತಿಗೂ ಹರಿದಾಡುತ್ತಿವೆ. ಉಪವಾಸ ಮಾಡುವವರ ಶ್ರದ್ಧೆಗೆ ನನ್ನ ತಕರಾರಿಲ್ಲ. ಆದರೆ ಓಸುಮಿ ಉಪವಾಸ ಕೆಡವಿದ್ದು ಯೀಸ್ಟನ್ನು. ಅವರ ಶಿಷ್ಯ ಪರಂಪರೆಯ ನೊಬೊರು ಮಿಜುಶಿಮಾ 2004ರಲ್ಲಿ ಇಲಿಗಳನ್ನು ಹಸಿವಿಗೆ ಕೆಡವಿ ನೋಡಿದಾಗ ಸ್ನಾಯು, ಯಕೃತ್ತುಗಳಲ್ಲಿ ಆಟೋಫೇಜಿ ಎದ್ದು ಕಂಡಿತು, ಮೆದುಳಿನಲ್ಲಿ ಮಾತ್ರ ಕಾಣಲಿಲ್ಲ. 2010ರಲ್ಲಿ ಇನ್ನೊಂದು ಗುಂಪು, ಇಲ್ಲ, ಒಂದೆರಡು ದಿನದ ಉಪವಾಸದ ಮೇಲೆ ಇಲಿಯ ನರಕೋಶದಲ್ಲೂ ಕಾಣುತ್ತದೆ ಎಂದಿತು. ಇಲಿಗೆ ಒಂದು ದಿನದ ಉಪವಾಸ ನಮಗೆ ಒಂದು ದಿನದ ಉಪವಾಸವಿದ್ದಂತೆ ಅಲ್ಲ. ಅದರ ಪುಟ್ಟ ಒಡಲಿಗೆ ಅದು ಭಾರೀ ಹೊಡೆತ. ರಾತ್ರಿ ಅವಲಕ್ಕಿ, ಹಣ್ಣು, ಹಾಲು ತೆಗೆದುಕೊಂಡು ಮಾಡುವ ನಮ್ಮ ಏಕಾದಶಿಯಿಂದ ಮೆದುಳಿನ ಕಸ ಖಾಲಿಯಾಗುತ್ತದೆ ಎನ್ನಲು ಪುರಾವೆಯಿಲ್ಲ.

ನರಕೋಶಕ್ಕೆ ಆಟೋಫೇಜಿ ಎಷ್ಟು ಬೇಕು ಎಂಬುದು 2006ರಲ್ಲಿ ಖಚಿತವಾಯಿತು. ಜಪಾನಿನ ಎರಡು ತಂಡಗಳು ಒಂದೇ ಹೊತ್ತಿಗೆ, ನೇಚರ್ ಪತ್ರಿಕೆಯಲ್ಲಿ, ಇಲಿಯ ನರವ್ಯೂಹದಲ್ಲಿ ಮಾತ್ರ ಆಟೋಫೇಜಿಯ ವಂಶವಾಹಿಗಳಲ್ಲಿ ಒಂದೊಂದನ್ನು ತೆಗೆದರೆ ಏನಾಗುತ್ತದೆಂದು ವರದಿ ಮಾಡಿದವು. ಯಾವ ವಿಷ ಪ್ರೋಟೀನನ್ನೂ ಹೊರಗಿನಿಂದ ಸೇರಿಸಿರಲಿಲ್ಲ. ಆದರೂ ಕೋಶಗಳಲ್ಲಿ ಪ್ರೋಟೀನ್ ಗಂಟುಗಳು ಕಟ್ಟಿದವು, ಇಲಿಗಳ ನಡಿಗೆ ಕೆಟ್ಟಿತು, ನರಕೋಶಗಳು ಸತ್ತವು. ಕಸ ಎತ್ತುವವರು ಬಾರದಿದ್ದರೆ ಸಾಕು, ಬೇರೆ ಶತ್ರು ಬೇಕಿಲ್ಲ.

ಹಾಗಾದರೆ ಆಲ್‌ಝೈಮರ್‌ನಲ್ಲೂ ಕಸ ಎತ್ತುವುದು ನಿಂತಿರಬೇಕು, ಅದನ್ನು ಶುರುಮಾಡಿಸಿದರೆ ಆಯಿತು ಎನಿಸುತ್ತದೆ. ಇಲ್ಲೇ ವಿಷಯ ತಿರುವು ತೆಗೆದುಕೊಳ್ಳುವುದು. ನ್ಯೂಯಾರ್ಕ್ ರಾಜ್ಯದ ನೇಥನ್ ಕ್ಲೈನ್ ಸಂಸ್ಥೆಯಲ್ಲಿ ರಾಲ್ಫ್ ನಿಕ್ಸನ್ ಎಂಬುವರಿದ್ದಾರೆ. ದಶಕಗಳಿಂದ ಲೈಸೋಸೋಮಿನ ಬೆನ್ನು ಹತ್ತಿದವರು. ಹೊರಗಿನ ಚಕ್ಕೆಗಳನ್ನು ಕಟ್ಟುವ ಪ್ರೋಟೀನ್ ತುಣುಕನ್ನೇ ಹಿಡಿದು ಜಗತ್ತೆಲ್ಲ ಅಮಿಲಾಯ್ಡ್ ಅಮಿಲಾಯ್ಡ್ ಎನ್ನುತ್ತಿದ್ದಾಗ ತಮ್ಮ ಪಾಡಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದವರು. 2005ರಲ್ಲಿ ಅವರ ತಂಡ ಆಲ್‌ಝೈಮರ್ ರೋಗಿಗಳ ಮೆದುಳಿನ ಅಂಗಾಂಶದ ಚಿತ್ರಗಳನ್ನು ಪ್ರಕಟಿಸಿತು. ನರಕೋಶದ ಚಾಚುಗಳು ಅಲ್ಲಲ್ಲಿ ಊದಿಕೊಂಡಿವೆ. ಊತದ ಒಳಗೆ ನೋಡಿದರೆ ಆಟೋಫೇಜಿಯ ಮೂಟೆಗಳೇ ಒತ್ತಿಕೊಂಡು ತುಂಬಿವೆ. ಪದರದ ಮೇಲೆ ಪದರ ಸುತ್ತಿಕೊಂಡದ್ದು, ಅರೆಬರೆ ಕರಗಿದ್ದು, ಕಪ್ಪಗೆ ಗಟ್ಟಿಯಾದದ್ದು. ಕಸ ಕಟ್ಟುವ ಕೆಲಸ ನಿಂತಿರಲಿಲ್ಲ. ಕಟ್ಟಿದ್ದು ಕರಗುತ್ತಿರಲಿಲ್ಲ.

ಬೆಂಗಳೂರಿನವರಿಗೆ ಇದು ಬೇಗ ಅರ್ಥವಾಗುತ್ತದೆ. 2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿದಾಗ ಪೌರಕಾರ್ಮಿಕರು ಕೆಲಸ ಬಿಟ್ಟಿರಲಿಲ್ಲ, ಲಾರಿಗಳೂ ಇದ್ದವು. ಸುರಿಯಲು ಜಾಗವಿಲ್ಲದೆ ಬೀದಿಬೀದಿಯಲ್ಲಿ ಗುಡ್ಡೆ ಬಿತ್ತು. ಆ ದಿನಗಳಲ್ಲಿ ಇನ್ನೂ ನೂರು ಲಾರಿ ತಂದಿದ್ದರೆ ಏನಾಗುತ್ತಿತ್ತೋ, ಕರಗಿಸುವ ಶಕ್ತಿ ಕುಂದಿದ ನರಕೋಶಕ್ಕೆ ಆಟೋಫೇಜಿಯನ್ನು ಎಬ್ಬಿಸುವ ಔಷಧ ಕೊಟ್ಟರೂ ಅದೇ ಆಗುತ್ತದೆ ಎಂಬುದು ನಿಕ್ಸನ್ ಬಳಗದ ಎಚ್ಚರಿಕೆ.

ಕರಗದಿರುವುದು ಏಕೆ? 2010ರಲ್ಲಿ ಅದೇ ತಂಡ ಒಂದು ಉತ್ತರ ಕೊಟ್ಟಿತು. ಆಲ್‌ಝೈಮರ್ ನಲವತ್ತು, ಐವತ್ತರಲ್ಲೇ ಬರುವ ಕೆಲವು ಕುಟುಂಬಗಳಿವೆ. ಅಂಥವರಲ್ಲಿ ಹೆಚ್ಚಾಗಿ ಕೆಟ್ಟಿರುವುದು ಪ್ರೆಸೆನಿಲಿನ್-1 ಎಂಬ ವಂಶವಾಹಿ, 1995ರಲ್ಲಿ ಗುರುತಾದದ್ದು. ಅಮಿಲಾಯ್ಡ್ ತುಣುಕನ್ನು ಕತ್ತರಿಸುವ ಯಂತ್ರದ ಭಾಗವದು ಎಂದು ಎಲ್ಲರಿಗೂ ಗೊತ್ತಿತ್ತು. ನಿಕ್ಸನ್ ತಂಡ ಅದಕ್ಕೆ ಇನ್ನೊಂದು ಕೆಲಸವಿದೆ ಎಂದಿತು: ನಾನು ಆಗಲೇ ಹೇಳಿದ ಪ್ರೋಟಾನ್ ಪಂಪು ಸರಿಯಾಗಿ ಜೋಡಣೆಯಾಗಲು ಪ್ರೆಸೆನಿಲಿನ್ ಬೇಕು, ಅದು ಕೆಟ್ಟರೆ ಲೈಸೋಸೋಮಿನ ಹುಳಿ ತಗ್ಗುತ್ತದೆ. 2012ರಲ್ಲಿ ಬೇರೆ ಪ್ರಯೋಗಾಲಯಗಳು ಪುನಃ ಮಾಡಿ ನೋಡಿ, ನಮಗೆ ಹುಳಿ ತಗ್ಗಿದ್ದು ಕಾಣಲಿಲ್ಲ, ಸುಣ್ಣದ ಅಂಶದ ಏರುಪೇರಿರಬಹುದು ಎಂದವು. ಆ ಜಗಳ ಪೂರ್ತಿ ತೀರಿಲ್ಲ. ವಿಜ್ಞಾನದಲ್ಲಿ ಹೀಗೆ ಆಗುವುದು ಆರೋಗ್ಯದ ಲಕ್ಷಣವೇ.

2022ರ ಜೂನ್‌ನಲ್ಲಿ ನಿಕ್ಸನ್ ತಂಡದವರು ಇನ್ನೂ ಮುಂದೆ ಹೋದರು. ಹುಳಿಗೆ ತಕ್ಕಂತೆ ಬಣ್ಣ ಬದಲಿಸುವ ಪ್ರೋಟೀನನ್ನು ಇಲಿಯ ನರಕೋಶಗಳಲ್ಲಿ ಮೊದಲೇ ಸೇರಿಸಿದ್ದರು. ಆಲ್‌ಝೈಮರ್‌ನ ಐದು ಬಗೆಯ ಇಲಿ ಮಾದರಿಗಳಲ್ಲಿ, ಕೋಶದ ಹೊರಗೆ ಚಕ್ಕೆ ಕಾಣುವುದಕ್ಕೂ ಬಹಳ ಮುಂಚೆ ಲೈಸೋಸೋಮು ಹುಳಿ ಕಳೆದುಕೊಳ್ಳುತ್ತಿತ್ತು. ಕರಗದ ಮೂಟೆಗಳು ಅಮಿಲಾಯ್ಡನ್ನು ಹೊಟ್ಟೆಯಲ್ಲಿಟ್ಟುಕೊಂಡು ಊದಿ, ಕೋಶದ ಪೊರೆಯನ್ನು ಸುತ್ತಲೂ ಹೊರಕ್ಕೆ ತಳ್ಳಿ, ನಡುವೆ ಕೋಶಕೇಂದ್ರ, ಸುತ್ತ ಎಸಳು, ನೋಡಿದರೆ ಹೂವು. ಅದಕ್ಕೆ ಪ್ಯಾಂಥೋಸ್ ಎಂದು ಹೆಸರಿಟ್ಟರು, ಗ್ರೀಕಿನಲ್ಲಿ ಆಂಥೋಸ್ ಎಂದರೆ ಹೂವು. ಆ ಹೂವಿನ ಕೋಶ ಸತ್ತು ಒಡೆದ ಜಾಗದಲ್ಲಿ ಉಳಿಯುವುದೇ ನಾವು ಚಕ್ಕೆ ಎಂದು ಕರೆಯುವುದು ಎಂಬುದು ಅವರ ವಾದ. ಇದು ಸರಿಯಾದರೆ ಆಲೋಯಿಸ್ ಆಲ್‌ಝೈಮರ್ ಬಣ್ಣ ಕಟ್ಟಿ ನೋಡಿದ ಎಷ್ಟೋ ಚಕ್ಕೆಗಳು ಕೋಶಗಳ ಗೋರಿಗಳು. ಇಲಿಗಳಲ್ಲಿ ಕಂಡದ್ದನ್ನು ಇಡಿಯಾಗಿ ಮನುಷ್ಯನಿಗೆ ಹೊರಿಸಲು ನಾನು ಹಿಂಜರಿಯುತ್ತೇನೆ. ಆದರೆ ಒಂದು ಸಂಗತಿ ಈ ವಾದದ ಪರ ನಿಲ್ಲುತ್ತದೆ. ನೀಮನ್-ಪಿಕ್ ಸಿ ಎಂಬ ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ ಕೆಡುವುದು ಲೈಸೋಸೋಮಿನಿಂದ ಕೊಲೆಸ್ಟರಾಲ್ ಹೊರಬರುವ ದಾರಿ ಅಷ್ಟೇ. ಆದರೂ ಆ ಕಾಯಿಲೆಯ ಎಳೆಯರ ಮೆದುಳಿನಲ್ಲೂ ಆಲ್‌ಝೈಮರ್‌ನಂಥದೇ ಟೌ ಪ್ರೋಟೀನಿನ ಸಿಕ್ಕುಗಳು ಕಾಣಸಿಗುತ್ತವೆ.

ಈಗ ಚಿಕಿತ್ಸೆಗೆ ಬರೋಣ. ಇವತ್ತು ಬಳಕೆಗೆ ಬಂದಿರುವ ಹೊಸ ಔಷಧಗಳು ಹೊರಗಿನ ಅಮಿಲಾಯ್ಡನ್ನು ಗುಡಿಸುವ ಪ್ರತಿಕಾಯಗಳು. ಲೆಕಾನೆಮ್ಯಾಬ್‌ಗೆ 2023ರ ಜುಲೈಯಲ್ಲಿ, ಡೊನಾನೆಮ್ಯಾಬ್‌ಗೆ 2024ರ ಜುಲೈಯಲ್ಲಿ ಅಮೆರಿಕದ ಪೂರ್ಣ ಒಪ್ಪಿಗೆ ಸಿಕ್ಕಿತು. ಲೆಕಾನೆಮ್ಯಾಬ್ ಪ್ರಯೋಗದಲ್ಲಿ 1,795 ಜನರಿದ್ದರು, 18 ತಿಂಗಳು ನಡೆಯಿತು. ಮೆದುಳಿನ ಸ್ಕ್ಯಾನಿನಲ್ಲಿ ಅಮಿಲಾಯ್ಡ್ ಗಣನೀಯವಾಗಿ ಕರಗಿತು. ಕಾಯಿಲೆ ಮಾತ್ರ ನಿಲ್ಲಲಿಲ್ಲ. ಇಳಿಕೆಯ ವೇಗ ಶೇ. 27ರಷ್ಟು ತಗ್ಗಿತು, 18 ಅಂಕಗಳ ಮಾಪನದಲ್ಲಿ ಅರ್ಧ ಅಂಕಕ್ಕೂ ಕಡಿಮೆ ವ್ಯತ್ಯಾಸ. ಕೆಲವರಿಗೆ ಮೆದುಳಿನಲ್ಲಿ ಊತ, ಸಣ್ಣ ರಕ್ತಸ್ರಾವ. ಇದನ್ನು ನಾನು ಹೀಗಳೆಯುವುದಿಲ್ಲ, ಮೂವತ್ತು ವರ್ಷ ಒಂದರ ಮೇಲೊಂದು ಸೋತ ಮೇಲೆ ಸಿಕ್ಕಿದ ಮೊದಲ ನಿಜವಾದ ಅನುಕೂಲ ಅದು. ಅಂಗಳ ಗುಡಿಸಿದರೂ ಮನೆಯೊಳಗಿನದು ಉಳಿದಿದೆ ಎಂಬ ಅನುಮಾನ ಇದರಿಂದ ಬಲವಾಯಿತು, ಅಷ್ಟೇ.

ಒಳಗಿನ ಕಸಕ್ಕೆ ಎಲ್ಲಕ್ಕಿಂತ ಹೆಚ್ಚು ಹೆಸರು ಮಾಡಿದ ಮದ್ದು ರಾಪಾಮೈಸಿನ್. ಅದರ ಹಿಂದೆ ನಮ್ಮ ಉಪಖಂಡದ ಒಬ್ಬರಿದ್ದಾರೆ. 1964ರಲ್ಲಿ ಕೆನಡಾದ ಒಂದು ತಂಡ ಪೆಸಿಫಿಕ್ ಸಾಗರದ ರಾಪಾ ನೂಯಿ, ಅಂದರೆ ಈಸ್ಟರ್ ದ್ವೀಪದ ಮಣ್ಣು ತಂದಿತ್ತು. ಮಾಂಟ್ರಿಯಲ್‌ನ ಔಷಧ ಕಂಪನಿಯೊಂದರಲ್ಲಿ ಸುರೇನ್ ಸೆಹಗಲ್ ಆ ಮಣ್ಣಿನ ಸೂಕ್ಷ್ಮಾಣುವಿನಿಂದ ಈ ರಾಸಾಯನಿಕವನ್ನು ಬೇರ್ಪಡಿಸಿದರು. ಅವಿಭಜಿತ ಪಂಜಾಬಿನಲ್ಲಿ ಹುಟ್ಟಿದವರು ಅವರು. 1980ರ ದಶಕದ ಮೊದಲಲ್ಲಿ ಕಂಪನಿ ಆ ಪ್ರಯೋಗಾಲಯ ಮುಚ್ಚಿ ಕೆಲಸ ನಿಲ್ಲಿಸಿದಾಗ ಸೆಹಗಲ್ ಸೂಕ್ಷ್ಮಾಣುವನ್ನು ಮನೆಯ ಫ್ರೀಜರಿನಲ್ಲಿಟ್ಟು ಕಾಪಾಡಿದರು. ಈ ವಿಷಯದ ಚರಿತ್ರೆಯಲ್ಲಿ ಫ್ರಿಜ್ಜಿನ ಪಾತ್ರ ದೊಡ್ಡದು! 1999ರಲ್ಲಿ ಅದು ಮೂತ್ರಪಿಂಡ ಕಸಿಯ ಔಷಧವಾಯಿತು. ಕೋಶಕ್ಕೆ ಆಹಾರ ಸಾಕಷ್ಟಿದೆ ಎಂದು ಹೇಳುವ ಎಂಟಾರ್ ಎಂಬ ಪ್ರೋಟೀನನ್ನು ಅದು ತಡೆಯುತ್ತದೆ. ಕೋಶ ಹಸಿದಂತೆ ವರ್ತಿಸಿ ಆಟೋಫೇಜಿ ಶುರುಮಾಡುತ್ತದೆ. 2009ರಲ್ಲಿ ಮುದಿ ಇಲಿಗಳ ಆಯಸ್ಸು ಅದರಿಂದ ಹೆಚ್ಚಿತು. 2010ರಲ್ಲಿ ಆಲ್‌ಝೈಮರ್ ಇಲಿಗಳಲ್ಲಿ ಅಮಿಲಾಯ್ಡ್, ಟೌ ಎರಡೂ ತಗ್ಗಿ ನೆನಪು ಸುಧಾರಿಸಿತು.

ಮರುವರ್ಷದ ಒಂದು ಪ್ರಯೋಗ ಅಷ್ಟು ಪ್ರಚಾರ ಪಡೆಯಲಿಲ್ಲ, ನನಗೆ ಮುಖ್ಯವೆನಿಸುವುದು ಅದೇ. ಆ ಇಲಿಗಳ ಪ್ರಯೋಗ ಮಾಡಿದ್ದ ಟೆಕ್ಸಾಸಿನ ಗುಂಪೇ ರಾಪಾಮೈಸಿನ್ನನ್ನು ಕೆಲವು ಇಲಿಗಳಿಗೆ ಚಕ್ಕೆ, ಸಿಕ್ಕು ಮೂಡುವ ಮುಂಚೆ ಕೊಟ್ಟಿತು, ಇನ್ನು ಕೆಲವಕ್ಕೆ ಅವು ಮೂಡಿದ ಮೇಲೆ. ಮುಂಚೆ ತೆಗೆದುಕೊಂಡವು ಚೇತರಿಸಿಕೊಂಡವು. ಆಮೇಲೆ ತೆಗೆದುಕೊಂಡವುಗಳಿಗೆ ಏನೂ ಪ್ರಯೋಜನವಾಗಲಿಲ್ಲ. ಒಂದೇ ಮದ್ದು, ಒಂದೇ ಜಾತಿಯ ಇಲಿ, ಬೇರೆಯಾದದ್ದು ಕಾಲ. ಲೈಸೋಸೋಮಿಗೆ ಇನ್ನೂ ಕಸುವಿದ್ದಾಗ ಮೂಟೆ ಹೆಚ್ಚಿಸಿದರೆ ಕರಗುತ್ತದೆ, ಕಸುವು ಹೋದ ಮೇಲೆ ಇಲ್ಲ. ನಿಕ್ಸನ್ ಚಿತ್ರಗಳ ಜೊತೆ ಇದನ್ನಿಟ್ಟು ಓದಿ, ನನ್ನ ಮಾತಿಗೆ ಬೇರೆ ಸಾಕ್ಷಿ ಬೇಡ.

ಹಾಗೆಂದು ಮೂಟೆ ಕಟ್ಟುವುದೊಂದೇ ದಾರಿಯಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರುವ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನಲ್ಲಿ ಆನಾ ಮರಿಯಾ ಕುಯೆರ್ವೋ ಅಧ್ಯಯನ ಮಾಡುತ್ತಿರುವುದು ಮೂಟೆಯೇ ಇಲ್ಲದ ದಾರಿಯನ್ನು. ನಮ್ಮ ಪ್ರೋಟೀನುಗಳಲ್ಲಿ ಸುಮಾರು ಶೇ. 40ರಷ್ಟರ ಮೈಮೇಲೆ ಐದು ಅಮೈನೋ ಆಮ್ಲಗಳ ಒಂದು ಗುರುತು ಇರುತ್ತದೆ. ಎಚ್‌ಎಸ್‌ಸಿ70 ಎಂಬ ಸಹಾಯಕ ಪ್ರೋಟೀನು ಆ ಗುರುತನ್ನು ಓದಿ, ಹಾಳಾದದ್ದನ್ನು ಒಂದೊಂದಾಗಿ ಹಿಡಿದು ಲೈಸೋಸೋಮಿನ ಬಾಗಿಲಿಗೆ ತರುತ್ತದೆ. ಬಾಗಿಲಿನ ಹೆಸರು ಲ್ಯಾಂಪ್-2ಎ. ಅಲ್ಲಿ ಪ್ರೋಟೀನು ಮಡಿಕೆ ಬಿಚ್ಚಿಕೊಂಡು ದಾರದಂತೆ ಒಳಗೆ ಹೋಗುತ್ತದೆ. ವಯಸ್ಸಾದಂತೆ ಈ ಬಾಗಿಲುಗಳು ಕಡಿಮೆಯಾಗುತ್ತವೆ ಎಂದು ಕುಯೆರ್ವೋ 2000ದಲ್ಲೇ ತೋರಿಸಿದ್ದರು. 2008ರಲ್ಲಿ ಮುದಿ ಇಲಿಗಳ ಯಕೃತ್ತಿನಲ್ಲಿ ಬಾಗಿಲುಗಳ ಸಂಖ್ಯೆ ತಗ್ಗದಂತೆ ಮಾಡಿದಾಗ ಯಕೃತ್ತು ಹರೆಯದ್ದರಂತೆ ಕೆಲಸ ಮಾಡಿತು.

2021ರಲ್ಲಿ ಅವರ ತಂಡ ಮೆದುಳಿಗೆ ಬಂತು. ನರಕೋಶಗಳಲ್ಲಿ ಈ ಬಾಗಿಲನ್ನು ಕಿತ್ತರೆ ಇಲಿಗೆ ಮರೆವು ಬರುತ್ತದೆ, ನಡಿಗೆ ಕೆಡುತ್ತದೆ; ಆಲ್‌ಝೈಮರ್ ಇಲಿಯಲ್ಲಿ ಕಿತ್ತರೆ ಕಾಯಿಲೆ ಬಿಗಡಾಯಿಸುತ್ತದೆ. ಆಮೇಲೆ ಸಿಎ77.1 ಎಂಬ ರಾಸಾಯನಿಕವನ್ನು ಎರಡು ಬಗೆಯ ಆಲ್‌ಝೈಮರ್ ಇಲಿಗಳಿಗೆ ಬಾಯಿಯ ಮೂಲಕ ನಾಲ್ಕರಿಂದ ಆರು ತಿಂಗಳು ಕೊಟ್ಟರು. ಎ ಜೀವಸತ್ವದ ಸಂಬಂಧಿ ಅಣುವೊಂದು ಕೂರುವ ಗ್ರಾಹಕದ ಮೂಲಕ ಅದು ಬಾಗಿಲುಗಳನ್ನು ಹೆಚ್ಚಿಸುತ್ತದೆ. ನೆನಪು, ಅಂಜಿಕೆ, ಮಂಕು ಮೂರರಲ್ಲೂ ಇಲಿಗಳು ಚೇತರಿಸಿಕೊಂಡವು, ಟೌ ಮತ್ತು ಚಕ್ಕೆ ತಗ್ಗಿದವು. ಮುಟ್ಟಿದ್ದು ಬಾಗಿಲನ್ನಾದ್ದರಿಂದ ಮೂಟೆಗಳ ರಾಶಿ ಬೀಳುವ ಭಯ ಇಲ್ಲಿ ಕಡಿಮೆ. ಆದ್ದರಿಂದಲೇ ಈ ದಾರಿ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಇಟಲಿಯ ನೇಪಲ್ಸ್‌ನ ಆಂದ್ರೆಯಾ ಬಲ್ಲಾಬಿಯೊ ತಂಡ 2009ರಲ್ಲಿ ಕಂಡ ಟಿಎಫ್‌ಇಬಿ ಎಂಬ ಪ್ರೋಟೀನೂ ಇಂಥದೇ; ಅದನ್ನು ಎಬ್ಬಿಸಿದರೆ ಕೋಶ ಹೊಸ ಲೈಸೋಸೋಮುಗಳನ್ನೇ ಕಟ್ಟತೊಡಗುತ್ತದೆ.

ಬೆಂಗಳೂರಿನಲ್ಲೂ ಈ ಕೆಲಸ ನಡೆದಿದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತಾಯ ಅವರ ತಂಡ ಪಾರ್ಕಿನ್ಸನ್ ಕಾಯಿಲೆಯ ಪ್ರೋಟೀನನ್ನು ಯೀಸ್ಟಿಗೆ ಸೇರಿಸಿ, ಅದರ ವಿಷದಿಂದ ಯೀಸ್ಟನ್ನು ಬದುಕಿಸುವ ರಾಸಾಯನಿಕಗಳನ್ನು ಜಾಲಾಡಿತು. ಸಿಕ್ಕಿದ 6-ಬಯೋ ಎಂಬುದು ಪಾರ್ಕಿನ್ಸನ್ ಮಾದರಿಯ ಇಲಿಗಳ ನರಕೋಶಗಳನ್ನೂ ಉಳಿಸಿತು ಎಂದು 2017ರಲ್ಲಿ ಪ್ರಕಟಿಸಿದರು. ಕಾಯಿಲೆ ಬೇರೆ, ತರ್ಕ ಒಂದೇ.

ಮನುಷ್ಯರಲ್ಲಿ ಏನಾಗಿದೆ? ಸ್ವಲ್ಪವೇ. ರಕ್ತದ ಕ್ಯಾನ್ಸರಿನ ಔಷಧ ನಿಲೋಟಿನಿಬ್ ಆಟೋಫೇಜಿಯನ್ನು ಎಬ್ಬಿಸುತ್ತದೆ ಎಂಬ ನಂಬಿಕೆಯ ಮೇಲೆ ವಾಷಿಂಗ್ಟನ್ನಿನ ಜಾರ್ಜ್‌ಟೌನ್‌ನಲ್ಲಿ ಅದನ್ನು 37 ಆಲ್‌ಝೈಮರ್ ರೋಗಿಗಳ ಪ್ರಯೋಗದಲ್ಲಿ ಹುಸಿಗುಳಿಗೆಯ ಜೊತೆ ಹೋಲಿಸಿ 2020ರಲ್ಲಿ ವರದಿ ಮಾಡಿದರು. ಮೆದುಳಿನ ಅಮಿಲಾಯ್ಡ್ ತಗ್ಗಿತು, ನೆನಪಿನ ಪರೀಕ್ಷೆಗಳಲ್ಲಿ ಖಚಿತ ಅನುಕೂಲ ಕಾಣಲಿಲ್ಲ. ಬರ್ಲಿನ್ನಿನಲ್ಲಿ ಮರೆವಿನ ದೂರು ಹೇಳುತ್ತಿದ್ದ 100 ಹಿರಿಯರಿಗೆ ಗೋಧಿ ಕಾಳಿನ ಭ್ರೂಣದಿಂದ ತೆಗೆದ ಸ್ಪರ್ಮಿಡಿನ್ ಎಂಬ ಆಟೋಫೇಜಿ ಪ್ರಚೋದಕವನ್ನು, ಇಲ್ಲವೇ ಹುಸಿಗುಳಿಗೆಯನ್ನು, ಒಂದು ವರ್ಷ ಕೊಟ್ಟರು. 2022ರ ವರದಿಯ ಪ್ರಕಾರ ಎರಡಕ್ಕೂ ವ್ಯತ್ಯಾಸವಿರಲಿಲ್ಲ. ಅದೇ ಸ್ಪರ್ಮಿಡಿನ್ ಗುಳಿಗೆಗಳು ಇವತ್ತು ಅಂತರ್ಜಾಲದಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತಿವೆ. ಮಕ್ಕಳು ಅಪ್ಪ ಅಮ್ಮನಿಗೆಂದು ತರಿಸುತ್ತಾರೆ. ಮಾರುವವರ ಮೇಲೆ ನನಗೆ ಸಿಟ್ಟಿದೆ, ಕೊಳ್ಳುವವರ ಮೇಲೆ ಇಲ್ಲ.

ಇನ್ನೊಂದು ಅಪಾಯವನ್ನೂ ಹೇಳದೆ ಬಿಡಲಾರೆ. ಬೆಳೆದು ನಿಂತ ಕ್ಯಾನ್ಸರ್ ಗಡ್ಡೆ ಆಹಾರ ಸಾಲದಾದಾಗ ಬದುಕುಳಿಯುವುದು ಆಟೋಫೇಜಿಯಿಂದಲೇ. ಅದನ್ನು ತಡೆಯಲೆಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟು ಕ್ಯಾನ್ಸರ್ ರೋಗಿಗಳಲ್ಲಿ ಪ್ರಯೋಗಗಳು ನಡೆದಿವೆ. ಎಪ್ಪತ್ತು ದಾಟಿದವರ ಮೈಯಲ್ಲಿ ಎಲ್ಲಿ ಯಾವ ಗಡ್ಡೆ ಮಲಗಿದೆಯೋ ಬಲ್ಲವರಾರು? ರಾಪಾಮೈಸಿನ್ ಸ್ವತಃ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ, ಬಾಯಿ ಹುಣ್ಣು ತರುತ್ತದೆ, ಕೊಬ್ಬಿನ ಪ್ರಮಾಣ ಏರಿಸುತ್ತದೆ.

ಕೊನೆಯದಾಗಿ ಅಳತೆಯ ಸಮಸ್ಯೆ. ಬದುಕಿರುವ ಮನುಷ್ಯನ ಮೆದುಳಿನಲ್ಲಿ ಲೈಸೋಸೋಮಿನ ಹುಳಿ ಎಷ್ಟಿದೆ ಎಂದು ನೋಡುವ ಪರೀಕ್ಷೆ ಇವತ್ತು ಯಾವ ಆಸ್ಪತ್ರೆಯಲ್ಲೂ ಇಲ್ಲ. ನಿಮ್ಹಾನ್ಸ್‌ನ ಮೆದುಳು ಬ್ಯಾಂಕು 1995ರಿಂದ ದಾನವಾಗಿ ಬಂದ ಮೆದುಳುಗಳನ್ನು ಕಾಪಾಡುತ್ತ ಬಂದಿದೆ, ಅಮೂಲ್ಯ ಸಂಗ್ರಹ; ಆದರೆ ಅಲ್ಲಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ, ಯಾವ ಹಂತ ಮೊದಲು ಕೆಟ್ಟಿತು ಎಂದು ಹೇಳುವುದು ಕಷ್ಟ. ರೋಗ ಬಂದಿದೆಯೇ ಎಂದು ಹೇಳುವ ರಕ್ತಪರೀಕ್ಷೆ ಬಂದಿದೆ: ರಕ್ತದಲ್ಲಿ ಟೌ ಪ್ರೋಟೀನಿನ ಒಂದು ಬಗೆಯನ್ನು ಅಳೆಯುವ ಪರೀಕ್ಷೆಗೆ 2025ರ ಮೇ ತಿಂಗಳಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಕಸ ಎಲ್ಲಿ ಸಿಕ್ಕಿಕೊಂಡಿದೆ ಎಂದು ಅದು ಹೇಳಲಾರದು.

ಟೆಕ್ಸಾಸಿನ ಇಲಿಗಳನ್ನು ನಂಬುವುದಾದರೆ ಈ ಬಗೆಯ ಮದ್ದನ್ನು ಪರೀಕ್ಷಿಸಬೇಕಾದದ್ದು ಮರೆವು ಇನ್ನೂ ಶುರುವಾಗದವರಲ್ಲಿ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ, ಡಿಮೆನ್ಷಿಯಾ (ಮರೆಗುಳಿತನ) ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆ ಅಂದಾಜು ಮಾಡಿತು. ಇವರಲ್ಲಿ ಎಷ್ಟೋ ಜನರನ್ನು ಮನೆಯವರು ಅರವತ್ತರ ಅರಳುಮರಳು ಎಂದು ಸುಮ್ಮನಾಗಿರುತ್ತಾರೆ. ಅವರಲ್ಲಿ ಪರೀಕ್ಷೆ ಮಾಡಿದರೆ ತಡವಾಯಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ 45 ದಾಟಿದ ಹಳ್ಳಿಗರನ್ನು, 10,000 ಜನರ ಗುರಿಯಿಟ್ಟುಕೊಂಡು, ರಕ್ತ, ಸ್ಕ್ಯಾನ್, ನೆನಪಿನ ಪರೀಕ್ಷೆಗಳ ಮೂಲಕ ವರ್ಷಗಟ್ಟಲೆ ಹಿಂಬಾಲಿಸುತ್ತಿದೆ. ಯಾರಿಗೆ ಯಾವಾಗ ಇಳಿಕೆ ಶುರುವಾಗುತ್ತದೆ ಎಂದು ತಿಳಿಯಲು ಇಂಥ ಅಧ್ಯಯನವೇ ಬೇಕು. ಆದರೆ ಅವರು ಆರೋಗ್ಯವಂತರು. ಹೊಲದಲ್ಲಿ ಟೊಮ್ಯಾಟೊ ಕೀಳುತ್ತಿರುವ ಐವತ್ತು ವರ್ಷದ ಹೆಂಗಸಿಗೆ, ಇಪ್ಪತ್ತು ವರ್ಷದ ಆಚೆ ಬರಬಹುದಾದ ಕಾಯಿಲೆಗೆಂದು, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯನ್ನು ಹತ್ತು ವರ್ಷ ನುಂಗು ಎಂದು ಯಾವ ನೈತಿಕ ಸಮಿತಿ ಹೇಳೀತು? ರಾಪಾಮೈಸಿನ್ನಿನ ಮೂಲ ಪೇಟೆಂಟು ಮುಗಿದು ಎಷ್ಟೋ ಕಾಲವಾಗಿದೆ. ಅದರ ಮೇಲೆ ಹತ್ತು ವರ್ಷದ ಪ್ರಯೋಗಕ್ಕೆ ಹಣ ಹಾಕಲು ಕಂಪನಿಗಳು ಮುಂದೆ ಬರುವುದು ಕಷ್ಟ. ಮಾಡುವುದಾದರೆ ಸಾರ್ವಜನಿಕ ಹಣದಲ್ಲೇ ಮಾಡಬೇಕು, ಅದಕ್ಕೂ ಮುಂಚೆ ಲೈಸೋಸೋಮಿನ ಸ್ಥಿತಿಯನ್ನು ರಕ್ತದಲ್ಲೋ ಬೆನ್ನುಹುರಿಯ ದ್ರವದಲ್ಲೋ ಗುರುತಿಸುವ ದಾರಿ ಸಿಗಬೇಕು. ಇಲ್ಲಿ ಕೂತಿರುವ ಜೀವರಸಾಯನ ಶಾಸ್ತ್ರದ ವಿದ್ಯಾರ್ಥಿಗಳಿಗೆ ಪಿಎಚ್‌ಡಿಗೆ ವಿಷಯ ಬೇಕಿದ್ದರೆ ಇದನ್ನು ತೆಗೆದುಕೊಳ್ಳಿ.